ನನ್ನ ಹೆಸರಿನ ಮನೆ

2005, ಫೆಬ್ರವರಿ 1, ಮಂಗಳವಾರ

ಗಿರಣಿಯ ಯಜಮಾನ ಶಿವಶಂಕರಪ್ಪನವರು ಬೆಳಿಗ್ಗೆ ಬಂದು, ಯುಗಾದಿಯೊಳಗೆ ಕೋಣೆ ಬಿಟ್ಟುಕೊಡಬೇಕು ಎಂದು ಹೇಳಿ ಹೋದರು. ಜೋರು ಮಾತೇನಲ್ಲ. ಅಕ್ಕಿ ಗಿರಣಿ ನಿಂತು ನಾಲ್ಕು ವರ್ಷವಾಯಿತು, ಈಗ ಅದನ್ನು ಗೊಬ್ಬರದ ಗೋದಾಮಿಗೆ ಕೊಡುತ್ತಿದ್ದಾರಂತೆ. ಗಿರಣಿಯ ಹಿಂಬದಿಯ ಈ ಕೋಣೆಯೂ ಅದರ ಜೊತೆಗೆ ಹೋಗುತ್ತದೆ. ಹನ್ನೆರಡು ವರ್ಷದಲ್ಲಿ ತಾವೇನೂ ಕಿರಿಕಿರಿ ಮಾಡಿಲ್ಲವಲ್ಲ ಎಂದು ಕೇಳಿದರು. ಮಾಡಿಲ್ಲ. ಆ ಮಾತು ನಿಜವೇ.

ಅವರು ಹೋದ ಮೇಲೆ ಅಮ್ಮ, ಮಂಜಯ್ಯನವರನ್ನು ಕೇಳೋಣ ಎಂದಳು. ಕಷ್ಟ ಬಂದಾಗ ನಮಗೆ ನೆನಪಾಗುವುದು ಅವರೊಬ್ಬರೇ. ಎರಡು ಸಲ ಗೆದ್ದು ನಮ್ಮ ವಾರ್ಡಿನ ಪಂಚಾಯಿತಿ ಮೆಂಬರಾಗಿದ್ದಾರೆ. ನನ್ನ ಪೋಲಿಯೋ ಕಾಲಿಗೆ ತುಳಿಯುವ ಮಿಷನ್ ಆಗುವುದಿಲ್ಲವೆಂದು ಓಡಾಡಿ ಮೋಟಾರಿನ ಹೊಲಿಗೆ ಮಿಷನ್ ಕೊಡಿಸಿದವರು ಅವರು. ಅಮ್ಮನಿಗೆ ಹಾವು ಕಚ್ಚಿದಾಗ ತಮ್ಮ ಜೀಪಿನಲ್ಲಿ ಕೊಪ್ಪದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಎರಡು ದಿನ ಅಲ್ಲೇ ಬೆಂಚಿನ ಮೇಲೆ ಕೂತಿದ್ದವರೂ ಅವರೇ.

ಒಂದು ಲಂಗ, ಎರಡು ರವಿಕೆ ಮುಗಿಸಿದೆ. ಕರೆಂಟು ಮಧ್ಯಾಹ್ನದ ತನಕ ಇರಲಿಲ್ಲ.

ಫೆಬ್ರವರಿ 5, ಶನಿವಾರ

ಮಂಜಯ್ಯನವರ ಮನೆಗೆ ಹೋಗಿದ್ದೆವು. ಚುನಾವಣೆ ಬಂದಿರುವುದರಿಂದ ಅಂಗಳದ ತುಂಬ ಜನ. ಆದರೂ ಅಮ್ಮನನ್ನು ನೋಡಿ ತಾವೇ ಎದ್ದು ಬಂದರು. ಮನೆಯಿಲ್ಲದ ಬಡವರಿಗೆ ಸರ್ಕಾರ ಕೊಡುವ ಆಶ್ರಯ ಮನೆಯ ವಿಷಯ ಕೇಳಿದೆವು. ನನ್ನ ಹೆಸರು ಮೇಲಕ್ಕೆ ಹೋಗಿಯಾಗಿದೆ, ಮೇಲಿನಿಂದ ಬರುವುದಷ್ಟೇ ಬಾಕಿ ಎಂದರು. ಮೂರು ವರ್ಷದಿಂದ ಇದನ್ನೇ ಹೇಳುತ್ತಿದ್ದಾರೆ. ಪಾಪ, ಅವರಾದರೂ ಏನು ಮಾಡಿಯಾರು, ಕೊಡುವವರು ಮೇಲಿನವರು. ಬರುವಾಗ ಅಮ್ಮನ ಕೈಗೆ ಒಂದು ಬಾಳೆಗೊನೆಯ ಚಿಪ್ಪು ಕೊಟ್ಟರು. ಈ ಸಲ ಅವರ ಗುರುತು ಕೊಡೆ. ಅಮ್ಮ ದಾರಿಯುದ್ದಕ್ಕೂ ಕೊಡೆ, ಕೊಡೆ ಎಂದು ಹೇಳಿಕೊಳ್ಳುತ್ತ ಬಂದಳು.

ಫೆಬ್ರವರಿ 11, ಶುಕ್ರವಾರ

ಪಕ್ಕದ ಮನೆಯ ವನಜಮ್ಮ ರವಿಕೆ ಬಟ್ಟೆಯ ಜೊತೆ ಗುಲಾಬಿ ಬಣ್ಣದ ಒಂದು ಕರಪತ್ರ ತಂದರು. ಡೇರಿಯ ಹತ್ತಿರ, ಬಸ್ ನಿಲ್ಲುವಲ್ಲಿ, ಎಲ್ಲ ಕಡೆ ಹಂಚಿದ್ದಾರಂತೆ. ಹಾಕಿಸಿದವನು ಮಹೇಶ್ವರ. ವಿಮೆ ಏಜೆಂಟ್, ಮೇಲಿನಕೇರಿಯ ತೋಟದವರ ಮಗ, ಈ ಸಲ ಮಂಜಯ್ಯನವರ ಎದುರು ನಿಂತಿದ್ದಾನೆ. ಗುರುತು ಗೋಡೆ ಗಡಿಯಾರ.

ವನಜಮ್ಮನಿಗೆ ಓದಲು ಬರುವುದಿಲ್ಲ. ಓದಿ ಹೇಳು ಎಂದರು. "ಈ ಮನೆಗಳು ಎಲ್ಲಿವೆ?" ಎಂದು ಮೇಲೆ ದಪ್ಪ ಅಕ್ಷರದಲ್ಲಿ ಹಾಕಿ, ನಮ್ಮ ವಾರ್ಡಿನಲ್ಲಿ ಆಶ್ರಯ ಮನೆ ಕಟ್ಟಿಸಿಕೊಂಡವರು ಎಂದು ಪಂಚಾಯಿತಿ ಕಡತದಲ್ಲಿರುವ ಹನ್ನೊಂದು ಹೆಸರು ಕೆಳಗೆ ಕೊಟ್ಟಿದ್ದ. ಹನ್ನೊಂದರಲ್ಲಿ ಒಂದು ಮನೆಯೂ ಇಲ್ಲ, ಹಣ ಎತ್ತಿದವರು ಮೆಂಬರು ಎಂದು ಬರೆದಿತ್ತು. ನಾನು ಗಟ್ಟಿಯಾಗಿ ಓದುತ್ತ ಹೋದೆ. ನಾಲ್ಕು ಜನ ಸತ್ತವರು. ಆರು ಜನ ಊರು ಬಿಟ್ಟು ಶೃಂಗೇರಿ ಕಡೆಯ ತೋಟಗಳಿಗೆ ಕೆಲಸಕ್ಕೆ ಹೋದವರು. ಪಟ್ಟಿಯಲ್ಲಿ ಏಳನೆಯ ಹೆಸರು: ತ್ರಿಪುರಸುಂದರಿ, ತಾಯಿ ವೆಂಕಮ್ಮ.

ನನ್ನ ಪೂರ್ತಿ ಹೆಸರನ್ನು ಅಚ್ಚಿನಲ್ಲಿ ನೋಡಿದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ನಂತರ ಇದೇ ಮೊದಲು. ಊರಿನಲ್ಲಿ ನಾನು ಸುಂದರಿ, ಟೈಲರ್ ಸುಂದರಿ. ಬೆನ್ನ ಹಿಂದೆ ಕುಂಟಿ ಸುಂದರಿ.

ಓದುವುದು ನಿಲ್ಲಿಸಿದೆ. ವನಜಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. "ಹೌದಾ ಸುಂದರಿ, ನಿಂಗೆ ಮನೆ ಬಂದಿತ್ತಾ? ನಮಗೆ ಹೇಳ್ಲೇ ಇಲ್ವಲ್ಲ" ಎಂದರು.

ಎಂಥ ಜನ. ಮಂಜಯ್ಯನವರಂಥವರ ಮೇಲೆ ಕೆಸರು ಎರಚಲು ನನ್ನ ಹೆಸರೇ ಬೇಕಿತ್ತೇ ಇವನಿಗೆ. ನಾಳೆ ಹೋಗಿ ಕೇಳುತ್ತೇನೆ.

ಫೆಬ್ರವರಿ 12, ಶನಿವಾರ

ಮಹೇಶ್ವರನ ಮನೆಗೆ ಹೋದೆ. ಮರ್ಯಾದೆಯಿಂದ ಕೂರಿಸಿದ. ನಾನು ಜಗಳಕ್ಕೆ ಹೋದವಳು, ಜಗಳದ ಮಾತು ಬಾಯಿಗೆ ಬರುವ ಮೊದಲೇ ಫೈಲು ತಂದು ಮೇಜಿನ ಮೇಲಿಟ್ಟ. ಮಾಹಿತಿ ಕೊಡಿ ಎಂದು ಅರ್ಜಿ ಹಾಕಿ, ಎಂಟು ತಿಂಗಳು ಅಲೆದು ಪಡೆದ ಪ್ರತಿಗಳಂತೆ. ಏಳನೆಯ ಸಾಲು ತೋರಿಸಿದ. ನನ್ನ ಹೆಸರು, ಅಮ್ಮನ ಹೆಸರು. ಪಾಯಕ್ಕೆ, ಗೋಡೆಗೆ, ಮಾಡಿಗೆ ಎಂದು ಮೂರು ಕಂತು ಕೊಟ್ಟಿದ್ದಕ್ಕೆ ಮೂರು ತಾರೀಕು. ಮೂರೂ ತಾರೀಕಿನ ಎದುರು ಹೆಬ್ಬೆಟ್ಟಿನ ಗುರುತು.

ನಾನು ಹತ್ತನೇ ತರಗತಿ ಪಾಸಾದವಳು. ಹೆಬ್ಬೆಟ್ಟು ಒತ್ತಿದವಳಲ್ಲ.

ಪಟ್ಟಿಯಲ್ಲಿ ಊರಿನಲ್ಲೇ ಉಳಿದಿರುವ, ಬದುಕಿರುವ ಹೆಸರು ನನ್ನದೊಂದೇ ಎಂದ ಮಹೇಶ್ವರ. "ನೀವೊಂದು ಮಾತು ಹೇಳಿದ್ರೆ ಸಾಕು ಸುಂದರಕ್ಕ. ಉಳಿದಿದ್ದು ತಾನಾಗೇ ಆಗ್ತದೆ" ಎಂದ. ನಾನು ಯೋಚಿಸಿ ಹೇಳುತ್ತೇನೆ ಎಂದು ಎದ್ದೆ. ನನ್ನನ್ನು ಮೊದಲೇ ಯಾಕೆ ಕೇಳಲಿಲ್ಲ ಎಂದು ಕೇಳಬೇಕೆಂದಿದ್ದೆ. ಮರೆತುಹೋಯಿತು.

ಫೆಬ್ರವರಿ 14, ಸೋಮವಾರ

ಮಂಜಯ್ಯನವರು ಹೀಗೆ ಮಾಡಿರಲಾರರು. ಆಫೀಸಿನಲ್ಲಿ ಯಾರೋ ಮಾಡಿರಬೇಕು.

ನಾನು ಸಹಿ ಮಾಡಬಲ್ಲೆ ಎಂದು ಅವರಿಗೆ ಗೊತ್ತು. ಹೊಲಿಗೆ ಮಿಷನ್ ಬಂದಾಗ ಅವರ ಎದುರಿಗೇ ಸಹಿ ಹಾಕಿದ್ದೆ. ಅಕ್ಷರ ಮುತ್ತಿನ ಹಾಗಿದೆ ಎಂದಿದ್ದರು.

ಫೆಬ್ರವರಿ 17, ಗುರುವಾರ

ಈ ವಾರ ಬಂದದ್ದು ಎರಡೇ ರವಿಕೆ. ಮದುವೆಯ ಕಾಲ, ಈ ಹೊತ್ತಿಗೆ ನನಗೆ ತಲೆ ಎತ್ತಲು ಪುರಸೊತ್ತಿರುತ್ತಿರಲಿಲ್ಲ. ವನಜಮ್ಮ ಕೊಟ್ಟ ಬಟ್ಟೆಯನ್ನು ಹೊಲಿಯುವ ಮೊದಲೇ ವಾಪಸ್ ಕೇಳಿದರು. ಪುರದಲ್ಲಿ ಹೊಲಿಸುತ್ತಾರಂತೆ. ಎನ್.ಆರ್. ಪುರಕ್ಕೆ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ನಾನು ನಾಲ್ಕು ರವಿಕೆ ಹೊಲಿದು ಕೊಟ್ಟೇನು.

ಕಾರಣ ಅಮ್ಮನಿಗೆ ನಲ್ಲಿಯ ಹತ್ತಿರ ಗೊತ್ತಾಯಿತು. ನಾವು ಮನೆಯ ಹಣ ತೆಗೆದುಕೊಂಡು ಬಚ್ಚಿಟ್ಟಿದ್ದೇವೆ, ಕೋಣೆ ಬಿಡಬೇಕಾಗಿ ಬಂದಾಗ ಅಳುವ ನಾಟಕ ಮಾಡುತ್ತಿದ್ದೇವೆ ಎಂದು ಮಾತಾಗಿದೆಯಂತೆ. ಕರಪತ್ರದಲ್ಲಿ ಮೆಂಬರ ಹೆಸರೂ ಇದೆ, ನನ್ನ ಹೆಸರೂ ಇದೆ. ಜನ ಮೆಂಬರನ್ನು ಬಿಟ್ಟು ನನ್ನನ್ನು ಹಿಡಿದುಕೊಂಡಿದ್ದಾರೆ. ಅವರ ಬಗ್ಗೆ ಯಾರಿಗೂ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ತಿನ್ನದೇ ಇರುವವರು ಯಾರಿದ್ದಾರೆ, ಕೊನೆಗೆ ಇವರಾದರೂ ಕರೆದಾಗ ಬರುತ್ತಾರೆ ಎಂದರಂತೆ. ಸುಂದರಿ ಹೀಗೆ ಎಂದು ನಾವು ಅಂದುಕೊಂಡಿರಲಿಲ್ಲ ಎಂದೂ ಅಂದರಂತೆ.

ಅಮ್ಮ ಕೊಡಪಾನ ಅರ್ಧ ತುಂಬಿಸಿಕೊಂಡೇ ಬಂದಿದ್ದಳು.

ಫೆಬ್ರವರಿ 19, ಶನಿವಾರ

ಮಂಜಯ್ಯ ಬಂದಿದ್ದರು. ಒಬ್ಬರೇ ಬಂದರು, ಜೀಪನ್ನು ಗಿರಣಿಯ ಮುಂದೆ ನಿಲ್ಲಿಸಿ ನಡೆದು ಬಂದರು. ಮೊದಲು ಅಮ್ಮನ ಕಾಲಿನ ಗಾಯ ಹೇಗಿದೆ ಎಂದು ಕೇಳಿದರು. ಹಾವು ಕಚ್ಚಿದ ಜಾಗ ಈಗಲೂ ಚಳಿಗೆ ನೋಯುತ್ತದೆ ಎಂದು ಅಮ್ಮ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದರು.

ಮಂಗಳವಾರ ಡೇರಿಯ ಮುಂದೆ ಊರವರು ಸೇರುತ್ತಾರೆ, ಇಬ್ಬರು ಅಭ್ಯರ್ಥಿಗಳೂ ಮಾತಾಡುತ್ತಾರೆ. ಅಲ್ಲಿ ನಾನು, ಹಣ ಬಂದಿತ್ತು, ಅಮ್ಮನ ಔಷಧಿಗೆ ಖರ್ಚಾಯಿತು, ಮನೆ ಕಟ್ಟಲಾಗಲಿಲ್ಲ ಎಂದು ಹೇಳಬೇಕಂತೆ. ಬಡವರು ಹಾಗೆ ಮಾಡಿದರೆ ಯಾರೂ ತಪ್ಪು ತಿಳಿಯುವುದಿಲ್ಲ ಎಂದರು. ಹೆಬ್ಬೆಟ್ಟು ಯಾರದು ಎಂದು ಕೇಳಿದೆ. "ಯಾರದಾದ್ರೆ ಎಂತ ಮಾರಾಯ್ತಿ. ಮನೆ ಬೇಕಾ, ಹೆಬ್ಬೆಟ್ಟು ಬೇಕಾ?" ಎಂದರು.

ಸಿಟ್ಟಿನಿಂದ ಹೇಳಲಿಲ್ಲ. ಮಗುವಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು. ಗೆದ್ದ ತಿಂಗಳೇ ನನಗೆ ಮನೆ ಮಂಜೂರು ಮಾಡಿಸುತ್ತೇನೆ ಎಂದು ಅಮ್ಮನ ಎದುರು ಮಾತು ಕೊಟ್ಟು ಹೋದರು.

ಅಮ್ಮ ಕೇಳಿದಳು, ಒಂದು ಮಾತು ಹೇಳಿದರೆ ನಮಗೆ ಹೋಗುವುದೇನು ಎಂದು. ಇಷ್ಟು ವರ್ಷ ಅವರು ಹೇಳಿದ್ದಕ್ಕೆಲ್ಲ ಹೂಂ ಎಂದವಳು ನಾನು. ಈಗಲೂ ಹೂಂ ಎನ್ನುತ್ತೇನೆ ಅನ್ನಿಸುತ್ತದೆ. ಯುಗಾದಿ ಹತ್ತಿರ ಬರುತ್ತಿದೆ. ಎಲ್ಲಿಗೆ ಹೋಗುವುದು?

ಫೆಬ್ರವರಿ 21, ಸೋಮವಾರ

ನಾಳೆ ಏನು ಹೇಳಬೇಕೆಂದು ಮಹೇಶ್ವರ ಒಂದು ಹಾಳೆಯಲ್ಲಿ ಬರೆದು ಕಳಿಸಿದ್ದ. ಆ ಹಾಳೆಯಲ್ಲಿ ನಾನು "ಬಡ ಅಂಗವಿಕಲ ಮಹಿಳೆ". ಮೂರು ಕಡೆ.

ಮಡಚಿ ಮಿಷನ್ನಿನ ಡ್ರಾಯರಿನಲ್ಲಿಟ್ಟೆ. ಹೊಲಿಯಲು ಏನೂ ಇರಲಿಲ್ಲ. ಹಳೆಯ ಲಂಗದ ಅಂಚು ಬಿಚ್ಚಿ ಮತ್ತೆ ಹೊಲಿದೆ.

ಫೆಬ್ರವರಿ 22, ಮಂಗಳವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸಂಜೆ ಹಾಲು ಹಾಕಿ ಮುಗಿದ ಮೇಲೆ ಡೇರಿಯ ಮುಂದೆ ಸುಮಾರು ನೂರೈವತ್ತು ಜನ ಸೇರಿದ್ದರು. ಮೊದಲು ಮಹೇಶ್ವರ ಮಾತಾಡಿದ. ಕಡತದ ಪುಟ, ತಾರೀಕು, ಕಾನೂನು ಎಲ್ಲ ಹೇಳಿದ. ಜನ ಆಕಳಿಸುತ್ತ ಕೇಳಿದರು. ಕೊನೆಗೆ ನನ್ನ ಕಡೆ ಕೈ ತೋರಿಸಿ, ಸುಂದರಕ್ಕ ಇಲ್ಲೇ ಇದ್ದಾರೆ, ಅವರನ್ನೇ ಕೇಳಿ ಎಂದ. ಎಲ್ಲರೂ ತಿರುಗಿದರು. ಅಮ್ಮ ನನ್ನ ಸೆರಗು ಹಿಡಿದುಕೊಂಡಿದ್ದಳು.

ನಾನು ಎದ್ದು ನಿಂತೆ. ಮಂಜಯ್ಯ ಹೇಳಿಕೊಟ್ಟ ಮಾತು ನಾಲಿಗೆಯ ಮೇಲೇ ಇತ್ತು, ಅದನ್ನೇ ಹೇಳುವವಳಿದ್ದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಅದಕ್ಕೆಂತ ಗೊತ್ತು, ಹೆಬ್ಬೆಟ್ಟಿನ ಹೆಂಗಸು" ಎಂದರು. ನಗೆ ಕೇಳಿತು.

ನಾನು ಹೇಳಿದ್ದು ಇಷ್ಟು. "ನನಗೆ ಮನೆ ಬಂದಿಲ್ಲ. ದುಡ್ಡೂ ಬಂದಿಲ್ಲ. ಕಡತದಲ್ಲಿರೋ ಹೆಬ್ಬೆಟ್ಟು ನನ್ನದಲ್ಲ. ನಂಗೆ ಬರೀಲಿಕ್ಕೆ ಬರ್ತದೆ ಅಂತ ಮಂಜಯ್ಯಣ್ಣನಿಗೆ ಗೊತ್ತು." ಆಮೇಲೆ ಮಹೇಶ್ವರನ ಕಡೆ ತಿರುಗಿ, "ನೀವೂ ನನ್ನ ಹೆಸರು ಅಚ್ಚು ಹಾಕಿಸೋ ಮೊದಲು ನನ್ನ ಕೇಳಲಿಲ್ಲ" ಎಂದೆ. ಈ ಮಾತು ಹೇಗೆ ಬಂತೋ ಗೊತ್ತಿಲ್ಲ. ಕೂತುಬಿಟ್ಟೆ.

ಈಗ ಮಂಜಯ್ಯನ ಕತೆ ಮುಗಿಯಿತು ಎಂದುಕೊಂಡೆ. ಅವನು ನಿಧಾನಕ್ಕೆ ಎದ್ದು ಬಂದ. ಕೈ ಮುಗಿದ. ಸುಂದರಿ ಹೇಳಿದ್ದು ನಿಜ, ಅವಳಿಗೆ ಮನೆ ಆಗಿಲ್ಲ, ತಪ್ಪು ನನ್ನದೇ ಎಂದು ಇಟ್ಟುಕೊಳ್ಳಿ ಎಂದ. ಯಾರ ಮನೆಯ ಹೆರಿಗೆಗೆ ಜೀಪು ಹೋಯಿತು, ಯಾರ ಮಗಳ ಮದುವೆಗೆ ಅಕ್ಕಿ ಬಂತು, ಯಾರ ಪಿಂಚಣಿಗೆ ತಾನು ಪುರಕ್ಕೆ ಹದಿನೈದು ಸಲ ಅಲೆದ, ಎಲ್ಲ ಹೆಸರು ಹಿಡಿದು ಹೇಳಿದ. ಹೆಸರು ಬಂದವರು ತಲೆ ತಗ್ಗಿಸಿದರು. ಕಡೆಗೆ, "ಇನ್ನೊಂದ್ಸಲ ಕಳಿಸಿ. ಮೊದಲನೇ ಮನೆ ಸುಂದರಿಗೆ. ಎಲ್ಲರ ಎದುರು ಹೇಳಿದ್ದೇನೆ" ಎಂದ.

ಜನ ಚಪ್ಪಾಳೆ ತಟ್ಟಿದರು. ಮಹೇಶ್ವರ ಕಾಗದ ಜೋಡಿಸಿಕೊಳ್ಳುತ್ತಿದ್ದ.

ಅಮ್ಮ ಮನೆಗೆ ಬಂದ ಮೇಲೆ, ಎಲ್ಲರೆದುರು ಹೇಳಿದ ಮಾತು ತಪ್ಪುವವನಲ್ಲ ಎಂದಳು. ಅವಳ ಮುಖದಲ್ಲಿ ಬಹಳ ದಿನದ ಮೇಲೆ ನೆಮ್ಮದಿ ಕಂಡಿತು. ನನಗೆ ಊಟ ಸೇರಲಿಲ್ಲ.

ಫೆಬ್ರವರಿ 24, ಗುರುವಾರ

ವನಜಮ್ಮ ಬಟ್ಟೆ ವಾಪಸ್ ತಂದುಕೊಟ್ಟರು. ತಪ್ಪು ತಿಳಿಯಬೇಡ, ಜನರ ಮಾತು ಕೇಳಿಬಿಟ್ಟೆ ಎಂದರು. ಅಳತೆಗೆ ಹಳೆಯ ರವಿಕೆ ಕೊಟ್ಟು ಒಂದು ಗಳಿಗೆ ಕೂತರು. ಮಂಜಯ್ಯ ಇಂಥವನು ಎಂದು ಗೊತ್ತಿತ್ತು, ಆದರೂ ನಿನ್ನಂಥವಳ ಹೆಸರನ್ನೂ ಬಿಡಲಿಲ್ಲವಲ್ಲ ಎಂದು ಬೇಸರ ಮಾಡಿಕೊಂಡರು. ಸಂಜೆಯೊಳಗೆ ಮತ್ತೆ ಮೂವರು ಬಂದರು, ಮೂವರದೂ ಅದೇ ಮಾತು. ಅವನು ಈ ಸಲ ಸೋಲುತ್ತಾನೆ ಎಂದು ಈಗ ನಂಬಿಕೆ ಬರುತ್ತಿದೆ.

ಫೆಬ್ರವರಿ 27, ಭಾನುವಾರ

ಮತದಾನ. ಶಾಲೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಹೋದೆವು. ಹಿಂದಿನ ಸಲ ಈ ಹೊತ್ತಿಗೆ ಸಾಲು ಬಾವಿಯ ತನಕ ಇತ್ತು. ಈ ಸಲ ನಮ್ಮ ಮುಂದೆ ಆರೇ ಜನ.

ರಟ್ಟಿನ ಮರೆಯ ಹಿಂದೆ ಬಹಳ ಹೊತ್ತು ನಿಂತೆ. ಒಬ್ಬ ಕೇಳದೆ ನನ್ನ ಹೆಸರಲ್ಲಿ ತಿಂದ, ಇನ್ನೊಬ್ಬ ಕೇಳದೆ ನನ್ನ ಹೆಸರನ್ನು ಬೀದಿಗೆ ಹಾಕಿದ. ಹೊರಗಿನಿಂದ ಅಧಿಕಾರಿ, ಆಯಿತೇನಮ್ಮ ಎಂದು ಕೇಳಿದರು. ಗಡಿಯಾರದ ಮೇಲೆ ಮುದ್ರೆ ಒತ್ತಿದೆ. ಸಂತೋಷವೇನೂ ಆಗಲಿಲ್ಲ.

ಅಮ್ಮ ನನಗಿಂತ ಬೇಗ ಹೊರಗೆ ಬಂದಿದ್ದಳು.

ಮಾರ್ಚ್ 2, ಬುಧವಾರ

ಎಣಿಕೆ ಮುಗಿಯಿತು. ಮಂಜಯ್ಯ 143, ಮಹೇಶ್ವರ 131. ಏಳು ಮತ ಕುಲಗೆಟ್ಟವು, ಲೆಕ್ಕಕ್ಕಿಲ್ಲ. ಹನ್ನೆರಡು ಮತದಲ್ಲಿ ಗೆದ್ದ.

ವಾರ್ಡಿನಲ್ಲಿ ನಾನೂರ ಮೂವತ್ತಾರು ಮತವಿದೆ. ಹಿಂದಿನ ಸಲ ಮುನ್ನೂರೆಪ್ಪತ್ತು ಜನ ಹಾಕಿದ್ದರು. ಈ ಸಲ ಸುಮಾರು ತೊಂಬತ್ತು ಜನ ಕಡಿಮೆ. ಅವರೆಲ್ಲ ಎಲ್ಲಿಗೆ ಹೋದರು?

ವನಜಮ್ಮ ರವಿಕೆ ತೆಗೆದುಕೊಂಡು ಹೋಗಲು ಬಂದಾಗ ಅವರ ಬೆರಳು ನೋಡಿದೆ. ಶಾಯಿ ಇರಲಿಲ್ಲ. ಕೇಳಿದೆ. "ನಿನ್ನ ಮಾತು ನಂಬಿದ್ದಕ್ಕೇ ಹೋಗ್ಲಿಲ್ಲ ಮಾರಾಯ್ತಿ. ಅವನಿಗೆ ಹಾಕಲಿಕ್ಕೆ ಮನಸ್ಸು ಬರ್ಲಿಲ್ಲ. ಆ ಏಜೆಂಟಿಗೆ ಎಂತಕ್ಕೆ ಹಾಕೋದು, ನಾಳೆ ಅವನೂ ಹಂಗೇ. ಮನೇಲೇ ಇದ್ದೆ" ಎಂದರು. ತಾವು ದೊಡ್ಡ ಉಪಕಾರ ಮಾಡಿದ ಹಾಗೆ ಹೇಳಿದರು. ಅಂದು ಬಂದ ಉಳಿದ ಮೂವರೂ ಹೋಗಿಲ್ಲವಂತೆ.

ನಾನು ನಿಜ ಹೇಳದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಲು ಹೋಗಿ ತಲೆ ಕೆಟ್ಟಿತು. ಬಿಟ್ಟೆ.

ಮಾರ್ಚ್ 3, ಗುರುವಾರ

ಅಮ್ಮ ಇವತ್ತು ಅಕ್ಕಿ ಆರಿಸುತ್ತ ಇದ್ದಕ್ಕಿದ್ದ ಹಾಗೆ, ನಾನು ಕೊಡೆಗೇ ಒತ್ತಿದೆ ಎಂದಳು. ನಾನೇನೂ ಕೇಳಿರಲಿಲ್ಲ.

ಮೊರ ಕೆಳಗಿಟ್ಟು ಹೇಳಿದಳು. "ಅವ ಸೋತಿದ್ರೆ ನಾವು ಯಾರ ಹತ್ರ ಹೋಗಿ ಕೇಳೋದು? ನಿನ್ನ ಮನೆ ತಿಂದವ ಅವ. ಕೊಡಬೇಕಾದವನೂ ಅವನೇ. ಆ ಮಹೇಶ್ವರ ನಮ್ಮದೆಂತ ತಗೊಂಡಿದ್ದಾನೆ, ಅವನ ಬಾಗಿಲಿಗೆ ಹೋಗಿ ಕೂರಲಿಕ್ಕೆ?"

ಆಸ್ಪತ್ರೆಯ ಋಣಕ್ಕೆ ಹಾಕಿದೆಯೇನೋ ಎಂದುಕೊಂಡಿದ್ದೆ ಎಂದೆ. ಅದಲ್ಲ ಎಂದಳು. ಸಭೆಯಲ್ಲಿ ನನ್ನ ಮಾತು ಕೇಳಿದ ಮೇಲೆಯೇ ಅವಳು ಗಟ್ಟಿ ಮನಸ್ಸು ಮಾಡಿದ್ದಂತೆ. ಕರಪತ್ರ ಬಂದಾಗಿನಿಂದ ಅಲ್ಲಿಯ ತನಕ ಯಾರಿಗೆ ಎಂದು ಅನುಮಾನ ಇತ್ತಂತೆ.

ನನಗೆ ಸಿಟ್ಟು ಬರಬೇಕಿತ್ತು. ಅವಳು ಹೇಳಿದ್ದರಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುತ್ತ ಕೂತೆ.

ಮಾರ್ಚ್ 10, ಗುರುವಾರ

ಅಮ್ಮನ ಒತ್ತಾಯಕ್ಕೆ ಮಂಜಯ್ಯನ ಮನೆಗೆ ಹೋದೆವು. ಜಗಲಿಯಲ್ಲಿ ಕೂರಿಸಿ ಕಾಫಿ ಕೊಡಿಸಿದ. ನಾನು ಸಭೆಯಲ್ಲಿ ಹೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡ ಹಾಗೆ ಕಾಣಲಿಲ್ಲ. ಅದೇ ಹಿಂದಿನ ನಗು, ಅದೇ ಕ್ಷೇಮ ವಿಚಾರಣೆ. ಅಮ್ಮ ಮನೆಯ ಮಾತು ತೆಗೆದಳು. ಅವನು ಲೋಟ ಕೆಳಗಿಟ್ಟ.

"ಅಮ್ಮ, ನಾನು ಹೇಳಿದ್ದೇನೋ ಹೌದು. ವಿಚಾರಿಸಿದೆ. ಕಡತದಲ್ಲಿ ಸುಂದರಿಗೆ ಮನೆ ಆಗಿಹೋಗಿದೆ. ಒಂದ್ಸಲ ಮನೆ ಆದವರಿಗೆ ಇನ್ನೊಂದು ಕೊಡಲಿಕ್ಕೆ ಬರೋದಿಲ್ಲ. ಯಾವ ಸರ್ಕಾರ ಬಂದ್ರೂ ಬರೋದಿಲ್ಲ."

ಬೇಸರದಿಂದಲೇ ಹೇಳಿದ. ಬೇರೆ ಏನಾದರೂ ಸಹಾಯ ಬೇಕಾದರೆ ಕೇಳಿ, ಸಾಮಾನು ಸಾಗಿಸಲು ಜೀಪು ಕಳಿಸುತ್ತೇನೆ ಎಂದ. ಅಮ್ಮ ಕಾಫಿ ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಎದ್ದಳು.

ಅರ್ಧ ದಾರಿ ಬಂದ ಮೇಲೆ ನಿಂತಳು. "ಅವ ತಿಂದಿದ್ದಾನೆ ಅಂತ ಎಲ್ಲರೂ ಹೇಳಿದ್ರು. ಅದು ನಂಗೂ ಗೊತ್ತಿತ್ತು. ತಿಂದದ್ದು ಇನ್ನು ಬರೋದೇ ಇಲ್ಲ ಅಂತ ಒಬ್ಬರೂ ಹೇಳ್ಲಿಲ್ವಲ್ಲ ಕಣೆ" ಎಂದಳು.

ಮಾರ್ಚ್ 12, ಶನಿವಾರ

ಮಹೇಶ್ವರನ ಹತ್ತಿರ ಹೋಗಿ ಕೇಳಿದೆ, ಒಂದು ಸಲ ಪಟ್ಟಿಯಲ್ಲಿ ಹೆಸರು ಸೇರಿದರೆ ಮತ್ತೆ ಮನೆ ಸಿಗುವುದಿಲ್ಲ ಎಂದು ನಿಮಗೆ ಗೊತ್ತಿತ್ತೇ ಎಂದು. ಗೊತ್ತಿತ್ತು ಎಂದ. ಕರಪತ್ರದಲ್ಲಿ ಯಾಕೆ ಹಾಕಲಿಲ್ಲ ಎಂದೆ. ಹೊಳೆಯಲಿಲ್ಲ, ಜಾಗವೂ ಇರಲಿಲ್ಲ ಎಂದ. ಆಮೇಲೆ, ಈ ಜನಕ್ಕೆ ಏನು ಹೇಳಿಯೂ ಪ್ರಯೋಜನವಿಲ್ಲ, ತಾನು ಕೊಪ್ಪದಲ್ಲಿ ಆಫೀಸು ಮಾಡಿಕೊಂಡು ಇದ್ದುಬಿಡುತ್ತೇನೆ ಎಂದ. ಏಳನೆಯ ಸಾಲಿರುವ ಪುಟದ ಪ್ರತಿ ಕೇಳಿದೆ. ಫೈಲನ್ನೇ ಕೊಟ್ಟುಬಿಟ್ಟ. ಅರ್ಜಿ ಯಾರ ಹೆಸರಿಗೆ ಬರೆಯಬೇಕೆಂದು ಕೇಳಿ ತಿಳಿದುಕೊಂಡೆ.

ಮಧ್ಯಾಹ್ನದಿಂದ ಬರೆಯುತ್ತಿದ್ದೇನೆ. ಮೂರು ಹಾಳೆ ಹಾಳಾಯಿತು. ತಮ್ಮ ಪಾದಕ್ಕೆ ಬಿದ್ದು ಬೇಡುತ್ತೇನೆ ಎಂದು ಬರಿ ಎಂದಳು ಅಮ್ಮ. ಬರೆಯಲಿಲ್ಲ. ಬೇಡುವ ವಿಷಯ ಇದರಲ್ಲಿ ಏನೂ ಇಲ್ಲ. ಈ ತಾರೀಕಿನಂದು ಈ ಹಣವನ್ನು ನಾನು ಪಡೆದಿಲ್ಲ, ಪಡೆದವರು ಯಾರೆಂದು ಪತ್ತೆ ಮಾಡಿ, ಫಲಾನುಭವಿಗಳ ಪಟ್ಟಿಯಿಂದ ನನ್ನ ಹೆಸರು ತೆಗೆಯಬೇಕು, ಇಷ್ಟೇ. ತೆಗೆದರೆ ಮಾತ್ರ ಹೊಸದಾಗಿ ಕೇಳಲು ದಾರಿ.

ವನಜಮ್ಮ ಬಂದು ಸ್ವಲ್ಪ ಹೊತ್ತು ನೋಡಿ, ಇದರಿಂದ ಆಗುವುದಿದೆಯೇ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ತಮ್ಮ ಹಿತ್ತಲ ಕಡೆಯ ಚಾವಡಿ ಖಾಲಿಯಿದೆ, ಮಳೆಗಾಲದ ತನಕ ಇರಬಹುದು, ಮಿಷನ್ನಿಗೆ ಕರೆಂಟೂ ಎಳೆಯಬಹುದು ಎಂದು ಹೇಳಿ ಹೋದರು.

ಯುಗಾದಿಗೆ ಇನ್ನು ನಾಲ್ಕು ವಾರ. ಅರ್ಜಿ ಕೊಡಲು ಸೋಮವಾರ ಎಂಟೂಕಾಲರ ಬಸ್ಸಿಗೆ ಪುರಕ್ಕೆ ಹೋಗುತ್ತೇನೆ. ಅಮ್ಮ ಇವತ್ತೇ ತನ್ನ ಒಳ್ಳೆಯ ಸೀರೆ ತೆಗೆದು ಹಗ್ಗದ ಮೇಲೆ ಹರವಿದ್ದಾಳೆ. ಬಸ್ಸಿನಲ್ಲಿ ಅವಳಿಗೆ ತಲೆ ಸುತ್ತುತ್ತದೆ. ಬರಬೇಡ ಎನ್ನಲಿಲ್ಲ.